ಸೀಸನ್ ಇಲ್ಲದ ಊರಿನಲ್ಲಿ ಸಲಹೆಗಳ ಸುಗ್ಗಿ

"ಆಫ್ ಸೀಸನ್‌ನಲ್ಲಿ ಹೋಗಿ, ಬಾಡಿಗೆ ಕಡಿಮೆ, ಒಂದು ನರಪಿಳ್ಳೆಯೂ ಇರುವುದಿಲ್ಲ" ಎಂದು ನನಗೆ ಉಪದೇಶಿಸಿದವರೆಲ್ಲ ಈಗ ತಮ್ಮ ತಮ್ಮ ಮನೆಗಳಲ್ಲಿ ಬೆಚ್ಚಗೆ ಗೋಡೆಗೆ ಒರಗಿ ಕುಳಿತಿದ್ದಾರೆ. ನಾನು ಅಮೆರಿಕದ ಒರೆಗಾನ್ ಕರಾವಳಿಯ ಫ್ಲಾರೆನ್ಸ್ ಎಂಬ ಊರಿನಲ್ಲಿ, ಬಾಡಿಗೆಗೆ ತಂದ, ಗಾಲಿಯ ಮೇಲಿನ ಮನೆಯಂಥ ಆರ್‌ವಿಯೊಳಗೆ, ಇರುವ ಸ್ವೆಟರ್‌ಗಳನ್ನೆಲ್ಲ ಹೇರಿಕೊಂಡು ಕುಳಿತಿದ್ದೇನೆ. ಇಲ್ಲಿ ಗೋಡೆಗೆ ಒರಗುವಂತಿಲ್ಲ. ಅದು ಬೆವರುತ್ತದೆ. ಒಳಗೆ ಇಬ್ಬರು ಉಸಿರಾಡುತ್ತೇವೆ, ಅನ್ನ ಬೇಯುತ್ತದೆ, ಒಲೆಯಲ್ಲಿ ಪ್ರೊಪೇನ್ ಉರಿಯುತ್ತದೆ. ಆ ಹಬೆಯೆಲ್ಲ ತಣ್ಣನೆಯ ಗೋಡೆಗೆ, ಕಿಟಕಿಗೆ, ಸೂರಿಗೆ ಅಂಟಿ, ನಡುರಾತ್ರಿಯಲ್ಲಿ ತೊಟ್ಟು ತೊಟ್ಟಾಗಿ ನನ್ನ ಹಣೆಗೇ ಇಳಿಯುತ್ತದೆ. ಪಕ್ಕದಲ್ಲಿ ಮಲಗಿರುವ ನಮ್ಮ ಮನೆಯವರ ಹಣೆಗೆ ಏಕೆ ಇಳಿಯುವುದಿಲ್ಲವೋ ತಿಳಿಯದು.

ಕಿಟಕಿ ತೆರೆಯೋಣವೆಂದರೆ ಜನವರಿಯ ಮಳೆ. ಇಲ್ಲಿಯ ಮಳೆ ಮೇಲಿನಿಂದ ಬೀಳುವ ಶ್ರಮ ತೆಗೆದುಕೊಳ್ಳುವುದಿಲ್ಲ, ಸಮುದ್ರದ ಕಡೆಯಿಂದ ಅಡ್ಡಡ್ಡಲಾಗಿ ಬರುತ್ತದೆ. ಹೀಟರ್ ಹಾಕೋಣವೆಂದರೆ ವಿದ್ಯುತ್ತಿನ ಲೆಕ್ಕ. ನಮಗೆ ಕೊಟ್ಟಿರುವುದು 30 ಆಂಪಿಯರ್. 120 ವೋಲ್ಟಿನಲ್ಲಿ ಅದು 3600 ವ್ಯಾಟ್. ಹೀಟರ್ 1500, ಕೆಟಲ್ 1500, ಗೀಸರ್ ತಾನೇನು ಕಡಿಮೆ ಎಂದು ಒಂದೂವರೆ ಸಾವಿರದ ಹತ್ತಿರ. ಮೂರನ್ನೂ ಒಟ್ಟಿಗೆ ಹಾಕುವಂತಿಲ್ಲ. ಬೆಚ್ಚಗಿರಬೇಕೋ, ಕಾಫಿ ಕುಡಿಯಬೇಕೋ, ಸ್ನಾನ ಮಾಡಬೇಕೋ ಎಂದು ದಿನವೂ ಬೆಳಿಗ್ಗೆ ಗಂಡ ಹೆಂಡತಿ ಸಭೆ ಸೇರಿ ತೀರ್ಮಾನಿಸಬೇಕು. ಸಭೆಯಲ್ಲಿ ಕಾಫಿಯೇ ಗೆಲ್ಲುತ್ತದೆ. ಆದರೆ ಹೀಟರ್ ಆರಿಸಬೇಕೆಂಬ ನಿರ್ಣಯ ಜಾರಿಗೆ ಬರುವ ಮೊದಲೇ ಬ್ರೇಕರ್ ಬಿದ್ದಿರುತ್ತದೆ.

ಊರು ನೋಡಲು ಹೊರಟರೆ ಬಾಗಿಲಿಗೊಂದು ಬೋರ್ಡು. ಐಸ್‌ಕ್ರೀಮ್ ಅಂಗಡಿಯವರು ಮಾರ್ಚ್‌ನಲ್ಲಿ ಸಿಗುತ್ತಾರಂತೆ. ಗಾಳಿಪಟದ ಅಂಗಡಿಯವರು ತಿಂಗಳನ್ನೂ ಹೇಳದೆ ಹೋಗಿದ್ದಾರೆ. ಈ ಗಾಳಿಗೆ ಅವರ ಸರಕೆಲ್ಲ ಎಲ್ಲಿಗೆ ಹಾರಿತೋ. 1936ರಲ್ಲಿ ಕಟ್ಟಿದ ಸಯೂಸ್ಲಾ ನದಿಯ ಸೇತುವೆಯೊಂದೇ ತೆರೆದಿತ್ತು, ಅದನ್ನು ದಾಟಿ ಹೋಗಿ ದಾಟಿ ಬಂದೆವು. ಊರಿನ ಉತ್ತರಕ್ಕೆ ಹೆದ್ದಾರಿ 101ರ ಪಕ್ಕದಲ್ಲಿ ಕಡಲಸಿಂಹಗಳ ಒಂದು ಗುಹೆಯಿದೆ. ಬೇಸಿಗೆಯಲ್ಲಿ ಅವು ಹೊರಗಿನ ಬಂಡೆಗಳ ಮೇಲೆ ಬಿಸಿಲು ಕಾಯಿಸುತ್ತವೆ, ಚಳಿಗಾಲದಲ್ಲಿ ಗುಹೆಯೊಳಗೆ ಸೇರಿಕೊಳ್ಳುತ್ತವೆ. ಬುದ್ಧಿವಂತ ಪ್ರಾಣಿಗಳು. ನೂರಾರು ಒಟ್ಟಿಗೇ ಬಿದ್ದುಕೊಂಡಿದ್ದರೂ ಒಂದು ಇನ್ನೊಂದಕ್ಕೆ ಸಲಹೆ ಕೊಟ್ಟದ್ದನ್ನು ನಾನು ಕಾಣಲಿಲ್ಲ.

ಸಲಹೆಯ ಮಾತು ಬಂದದ್ದರಿಂದ ಪಕ್ಕದವರ ವಿಷಯಕ್ಕೆ ಬರಲೇಬೇಕು. ಜನವಿಲ್ಲ ಎಂದವರು ಸುಳ್ಳು ಹೇಳಲಿಲ್ಲ. ಆರ್‌ವಿ ಪಾರ್ಕಿನ ಸಾಲು ಸಾಲು ಜಾಗಗಳೆಲ್ಲ ಖಾಲಿ. ನಾವು, ನಮ್ಮ ಪಕ್ಕದಲ್ಲಿ ಒಬ್ಬ ನಿವೃತ್ತ ಹಿರಿಯರು, ಅಷ್ಟೇ. ಬೇಸಿಗೆಯಲ್ಲಾದರೆ ಅವರ ಅನುಭವ ಇಡೀ ಪಾರ್ಕಿಗೆ ಹಂಚಿಹೋಗುತ್ತಿತ್ತು. ಈಗ ಪೂರ್ತಿ ನನ್ನ ಪಾಲಿಗೇ ಬಂದಿದೆ.

ಆರ್‌ವಿಯಲ್ಲಿ ಇದ್ದವರಿಗೆ ಕಪ್ಪು ಟ್ಯಾಂಕಿನ ಬಗ್ಗೆ ಹೇಳಬೇಕಾಗಿಲ್ಲ. ಇಲ್ಲದವರು, ಶೌಚಾಲಯದ್ದೆಲ್ಲ ಹೋಗಿ ಸೇರುವುದು ಅದಕ್ಕೇ ಎಂದು ಊಹಿಸಿಕೊಳ್ಳಿ, ತಿಂಡಿ ತಿನ್ನುತ್ತಾ ಬೇಡ. ಅದು ಮುಕ್ಕಾಲು ತುಂಬಿದಾಗ ಹೊರಗಿಳಿದು, ಕೈಗವಸು ತೊಟ್ಟು, ದಪ್ಪ ಕೊಳವೆ ಜೋಡಿಸಿ, ಕವಾಟ ಎಳೆದು ಖಾಲಿ ಮಾಡಬೇಕು. ಮೊದಲು ಕಪ್ಪು ಟ್ಯಾಂಕು, ಆಮೇಲೆ ಅಡುಗೆ ಮತ್ತು ಸ್ನಾನದ ನೀರಿನದು. ಆ ನೀರಿನಿಂದ ಕೊಳವೆ ತೊಳೆದುಕೊಳ್ಳುತ್ತದೆ. ಈ ಕೆಲಸ ನನ್ನ ಪಾಲಿಗೆ ಬಂದದ್ದು ನಮ್ಮ ಮನೆಯವರ ಸೊಂಟನೋವಿನಿಂದ. ಮರಳುದಿಬ್ಬ ಹತ್ತುವಾಗ ಇಲ್ಲದ ಆ ನೋವು ಕೊಳವೆ ಕಂಡೊಡನೆ ಬರುತ್ತದೆ.

ಮನುಷ್ಯ ಏಕಾಂತವನ್ನು ಬಯಸುವ ಕೆಲವು ಕೆಲಸಗಳಿವೆ. ಇದು ಅವುಗಳಲ್ಲೊಂದು ಎಂದು ಎಲ್ಲರೂ ಒಪ್ಪುತ್ತಾರೆಂದೇ ನಂಬಿದ್ದೆ. ನಾನು ಕೈಗವಸು ತೊಡುವುದೇ ತಡ, ಪಕ್ಕದ ಬಾಗಿಲು ತೆರೆಯುತ್ತದೆ. ಹಿರಿಯರು ಮಳೆಯಂಗಿ ಹಾಕಿಕೊಂಡು, ಹಬೆಯಾಡುವ ಕಾಫಿ ಲೋಟ ಹಿಡಿದು, ಸರಿಯಾಗಿ ನನ್ನ ಎಡಕ್ಕೆ ಬಂದು ನಿಲ್ಲುತ್ತಾರೆ. (ಅವರಿಗೆ 50 ಆಂಪಿಯರ್ ಇದೆ. ಕಾಫಿಯೂ ಉಂಟು, ಹೀಟರೂ ಉಂಟು.) ಒಮ್ಮೆ ಕೆಮ್ಮುತ್ತಾರೆ. ನಾನು ಕವಾಟಕ್ಕೆ ಕೈ ಹಾಕಿದರೆ "ಹ್ಞೂಂ..." ಎಂದು ಎಳೆಯುತ್ತಾರೆ. ಹೌದೆಂದೋ, ಬೇಡವೆಂದೋ ಅದರಿಂದ ತಿಳಿಯುವುದಿಲ್ಲ. ಎಳೆದ ಮೇಲೆ "ನಾನಾಗಿದ್ದರೆ ಇನ್ನೊಂದು ದಿನ ಕಾಯುತ್ತಿದ್ದೆ" ಎನ್ನುತ್ತಾರೆ. ಆ ಹೊತ್ತಿಗೆ ಕಾಯುವಂಥದ್ದು ಏನೂ ಉಳಿದಿರುವುದಿಲ್ಲ. ಒಂದು ದಿನ ಮಬ್ಬು ಹರಿಯುವ ಮೊದಲೇ, ದೀಪ ಹಾಕದೆ, ಕಳ್ಳಿಯಂತೆ ಇಳಿದೆ. ಕವಾಟ ಸಿಕ್ಕದೆ ತಡಕಾಡುತ್ತಿರುವಾಗ ಹಿಂದಿನಿಂದ ಟಾರ್ಚಿನ ಬೆಳಕು ಬಿತ್ತು. "ಇನ್ನು ಸ್ವಲ್ಪ ಬಲಕ್ಕೆ" ಎಂದರು.

ಅಷ್ಟಾದರೆ ಸಹಿಸಬಹುದಿತ್ತು. ನಮ್ಮ ಮನೆಯವರೂ ಈಗ ತಮ್ಮ ಲೋಟ ಹಿಡಿದುಕೊಂಡು ಇಳಿದು ಅವರ ಪಕ್ಕ ನಿಲ್ಲತೊಡಗಿದ್ದಾರೆ. ಇಬ್ಬರೂ ಮೊಣಕೈಯಂತೆ ಬಾಗಿದ ಪಾರದರ್ಶಕ ಕೊಳವೆಯಲ್ಲಿ ಹರಿಯುವುದನ್ನು ನೋಡುತ್ತಾ ಹವಾಮಾನ ಚರ್ಚಿಸುತ್ತಾರೆ.

ಅನುಭವಸ್ಥರ ಮಾತು ಕೇಳದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಹಿರಿಯರ ಬಳಿ ಒಂದು ದೃಷ್ಟಾಂತವೂ ಇದೆ. ದುರದೃಷ್ಟಕ್ಕೆ ಅದು ನಿಜವಾದ ಕಥೆ. 1970ರ ನವೆಂಬರ್‌ನಲ್ಲಿ ಇದೇ ಊರಿನ ಕಡಲತೀರಕ್ಕೆ ಭಾರೀ ತಿಮಿಂಗಿಲವೊಂದು ಸತ್ತು ಬಂದು ಬಿತ್ತು. ಆಗ ಕಡಲತೀರ ರಾಜ್ಯದ ಹೆದ್ದಾರಿ ಇಲಾಖೆಯ ಸುಪರ್ದಿಯಲ್ಲಿತ್ತು. ರಸ್ತೆಗೆ ಬಂಡೆ ಬಿದ್ದರೆ ಸಿಡಿಸುವುದಿಲ್ಲವೇ, ಹಾಗೆಯೇ ಅರ್ಧ ಟನ್ ಡೈನಮೈಟ್ ಇಟ್ಟರು. ಸ್ಫೋಟಕಗಳ ತರಬೇತಿ ಪಡೆದಿದ್ದ ಒಬ್ಬಾತ ಈ ಪ್ರಮಾಣ ಅತಿಯಾಯಿತು ಎಂದು ಎಚ್ಚರಿಸಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಚೂರುಗಳನ್ನು ಕಡಲಕಾಗೆಗಳು ತಿಂದು ಮುಗಿಸುತ್ತವೆ ಎಂಬ ಎಣಿಕೆಯಿತ್ತು. ಸದ್ದಿಗೆ ಅವು ಹತ್ತಿರವೂ ಸುಳಿಯಲಿಲ್ಲ. ನೋಡಲು ಬಂದವರ ಮೇಲೆಲ್ಲ ಕೊಳೆತ ಮಾಂಸ ಸುರಿಯಿತು, ಒಂದು ದೊಡ್ಡ ತುಂಡು ದೂರದಲ್ಲಿ ನಿಂತಿದ್ದ ಕಾರನ್ನು ಅಪ್ಪಚ್ಚಿ ಮಾಡಿತು. ಕಾರು ಎಚ್ಚರಿಸಿದಾತನದೇ, ಹೊಚ್ಚ ಹೊಸದು. ಊರಿನವರು 2020ರಲ್ಲಿ ಒಂದು ಉದ್ಯಾನಕ್ಕೆ ಸಿಡಿದ ತಿಮಿಂಗಿಲದ ಹೆಸರನ್ನೇ ಇಟ್ಟಿದ್ದಾರೆ.

ಹಿರಿಯರು ಇದನ್ನು ಹೇಳುವುದು ನಾನು ಕವಾಟ ಎಳೆಯುವ ಕ್ಷಣದಲ್ಲಿ. ಎಚ್ಚರಿಸಿದವನ ಕಾರೇ ಜಜ್ಜಿಹೋಯಿತಲ್ಲ, ಸಲಹೆ ಕೊಡುವವರಿಗೂ ಅದರಲ್ಲಿ ಪಾಠವಿದೆಯಲ್ಲ ಎಂದು ಒಮ್ಮೆ ಕೇಳಿಯೇಬಿಟ್ಟೆ. "ಆತ ದೂರ ನಿಲ್ಲಿಸಬೇಕಿತ್ತು" ಎಂದರು. ಅಂದಿನ ಆ ಕಡಲಕಾಗೆಗಳ ವಂಶದವು ಮಾತ್ರ ಈಗ ಸದ್ದಿಗೆ ಹೆದರುವುದಿಲ್ಲ. ನಸುಕಿನಲ್ಲಿ ನಮ್ಮ ಸೂರಿನ ಮೇಲೆ ಬೂಟು ಹಾಕಿಕೊಂಡಂತೆ ನಡೆಯುತ್ತವೆ.

ನಿನ್ನೆ ಸಂಜೆ ಮಳೆ ನಿಂತಿತ್ತು. ತೀರಕ್ಕೆ ಹೋದೆವು, ಅವರೂ ಬಂದರು. ಒರೆಗಾನ್‌ನ ಕಡಲತೀರಕ್ಕೆ ಯಾರೂ ಬೇಲಿ ಹಾಕುವಂತಿಲ್ಲ, 1967ರ ಕಾನೂನಿನ ಪ್ರಕಾರ ಅದು ಎಲ್ಲರ ಬಳಕೆಗೂ ಮುಕ್ತ. ಕಣ್ಣು ಹಾಯಿಸಿದಷ್ಟು ದೂರ ಮರಳು, ನಾವು ಮೂವರೇ. ಬೇಸಿಗೆಯಲ್ಲಿ ಇಲ್ಲಿ ಹೇಗಿರುತ್ತದೆ ಎಂದು ಸುಮ್ಮನೆ ಕೇಳಿದೆ. "ಚಿತ್ರಗಳಲ್ಲಿ ನೋಡಿದ್ದೇನೆ" ಎಂದರು. ಮನೆ ಮಾರಿ ಗಾಲಿಯ ಮೇಲೆ ಇರುವವರು ಅವರು. ಮೇ ಬಂದರೆ ಬಾಡಿಗೆ ಏರುತ್ತದೆ, ತಿಂಗಳ ಲೆಕ್ಕದಲ್ಲಿ ಯಾರನ್ನೂ ಇಟ್ಟುಕೊಳ್ಳುವುದಿಲ್ಲ. ಆಗ ಒಳನಾಡಿಗೆ ಹೋಗಿ, ಅಂಗಡಿಗಳು ಬಾಗಿಲು ಹಾಕುವ ಹೊತ್ತಿಗೆ ಮರಳುತ್ತಾರೆ. ನಾವು ಆಫ್ ಸೀಸನ್ ಎಂದು ಚೌಕಾಸಿ ಮಾಡಿ ಬಂದ ಈ ತಿಂಗಳುಗಳೇ ಅವರ ಪೂರ್ತಿ ಸಮುದ್ರ. ಯಾರ ಕೊಳವೆಯೂ ಇಲ್ಲದ ವಾರಗಳಲ್ಲಿ ಈ ಮನುಷ್ಯ ಲೋಟ ಹಿಡಿದು ಎಲ್ಲಿ ಹೋಗಿ ನಿಲ್ಲುತ್ತಾರೋ ಎಂದು ನನಗೆ ಸ್ವಲ್ಪ ಸಂಕಟವಾಯಿತು.

ಹಿಂದಿರುಗುವಾಗ ಅವರೇ, ಏನೋ ಹೇಳಲು ಸಂಕೋಚವೆಂಬಂತೆ ಕೆಮ್ಮಿ, ನಾಳೆ ಟ್ಯಾಂಕು ಖಾಲಿ ಮಾಡುವುದು ಎಷ್ಟು ಗಂಟೆಗೆ ಎಂದು ಕೇಳಿದರು. ಮೊಮ್ಮಗನಿಗೆ ವಿಡಿಯೊ ಕರೆಯಲ್ಲಿ ತೋರಿಸಬೇಕಂತೆ. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಮನೆಯವರು "ಒಂಬತ್ತಕ್ಕೆ, ಬೆಳಕು ಚೆನ್ನಾಗಿರುತ್ತದೆ" ಎಂದುಬಿಟ್ಟರು.