ಇಷ್ಟದ ಕೀರ್ತನೆಗಳನ್ನಷ್ಟೇ ಓದಿದ್ದು ಸಾಕು, ಇನ್ನು 150ನ್ನೂ ಪ್ರಾರ್ಥಿಸೋಣ

ಸತ್ಯವೇದದ, ಅಂದರೆ ಬೈಬಲಿನ, ಕೀರ್ತನೆಗಳ ಪುಸ್ತಕದಲ್ಲಿ 150 ಕೀರ್ತನೆಗಳಿವೆ. ನಮ್ಮಲ್ಲಿ ಬಹಳ ಮಂದಿಯ ಪ್ರಾರ್ಥನೆಯಲ್ಲಿ ಓಡಾಡುವುದು ಏಳೆಂಟು ಮಾತ್ರ: 23, 27, 34, 51, 91, 103, 121, ಹೀಗೆ. ಉಳಿದವು ಸತ್ಯವೇದದಲ್ಲಿವೆ ಎಂದು ಗೊತ್ತು, ಮೊಣಕಾಲೂರಿದಾಗ ಬಾಯಿಗೆ ಬರುವುದಿಲ್ಲ. ಬರುವ ಏಳೆಂಟರಲ್ಲೂ ಪೂರ್ತಿ ಬರುವುದಿಲ್ಲ. ಬೆಳಿಗ್ಗೆ ವಾಟ್ಸಾಪಿನಲ್ಲಿ ಹೂವಿನ ಚಿತ್ರದ ಮೇಲೆ ಬಂದ ವಾಗ್ದಾನದ ಎರಡು ಸಾಲು, ಅಷ್ಟೇ. ಹೀಗೆ ಆರಿಸಿ ಆರಿಸಿ ಓದಿ ನಮ್ಮ ಪ್ರಾರ್ಥನೆ ಬಡವಾಗಿದೆ ಎಂದು ನೇರವಾಗಿಯೇ ಹೇಳುತ್ತೇನೆ. ಎಲ್ಲ ಕೀರ್ತನೆಗಳನ್ನೂ, ಬಿಡದೆ, ಬಾಯಿಬಿಟ್ಟು, ತಿಂಗಳಿಗೊಮ್ಮೆ ಪ್ರಾರ್ಥಿಸಬೇಕು. ಇದು ಆಗುವ ಮಾತೇ ಎನ್ನುವವರಿಗಾಗಿ ದಾರಿಯನ್ನೂ ಕೆಳಗೆ ಬರೆದಿದ್ದೇನೆ.

ಮೊದಲು ಆರಿಸಿಕೊಳ್ಳುವುದರ ಅಪಾಯ ನೋಡಿ. ಮತ್ತಾಯ 4ರಲ್ಲಿ ಸೈತಾನನು ಯೇಸು ಸ್ವಾಮಿಯನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಕೆಳಗೆ ಧುಮುಕು ಎನ್ನುತ್ತಾನೆ. ಅದಕ್ಕೆ ಆಧಾರವಾಗಿ ಹೇಳುವುದು 91ನೆಯ ಕೀರ್ತನೆಯ 11 ಮತ್ತು 12ನೆಯ ವಚನಗಳನ್ನು. ದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುವರು ಎಂಬ ಮಾತಿಗೆ ನಿಲ್ಲಿಸಿಬಿಡುತ್ತಾನೆ. ಸರ್ಪವನ್ನು ತುಳಿದುಬಿಡುವ 13ನೆಯ ವಚನ ಅವನ ಬಾಯಿಗೆ ಬರುವುದಿಲ್ಲ. ಯೇಸು ಧರ್ಮೋಪದೇಶಕಾಂಡದ ಮಾತಿನಿಂದ ಉತ್ತರ ಕೊಡುತ್ತಾರೆ: ನಿನ್ನ ದೇವರನ್ನು ಪರೀಕ್ಷಿಸಬಾರದು. ವಚನ ನಿಜವಾದದ್ದೇ, ಅದನ್ನು ಕಿತ್ತುಕೊಂಡು ಬಳಸಿದ ರೀತಿ ಸುಳ್ಳು. 91ನ್ನು ತಾಯಿತದಂತೆ ಕಟ್ಟಿಕೊಂಡು ಓಡಾಡುವವರು ಈ ಭಾಗವನ್ನು ಒಮ್ಮೆ ನಿಧಾನವಾಗಿ ಓದಬೇಕು.

ಕ್ರಮವಾಗಿ ಎಲ್ಲವನ್ನೂ ಓದುವುದು ಹೊಸ ಯೋಚನೆಯೇನಲ್ಲ. 6ನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠಗಳಿಗೆ ಬರೆದ ನಿಯಮದಲ್ಲಿ, ಹಂಚಿಕೆ ಹೇಗಾದರೂ ಮಾಡಿಕೊಳ್ಳಿ, ವಾರದೊಳಗೆ 150 ಮುಗಿಯಲೇಬೇಕು ಎಂದರು. ಆರ್ಥಡಾಕ್ಸ್ ಸಭೆಗಳು ಪುಸ್ತಕವನ್ನು 20 ಭಾಗ ಮಾಡಿ ವಾರಕ್ಕೊಮ್ಮೆ ಮುಗಿಸುತ್ತವೆ, ಮಹಾ ಉಪವಾಸದ ದಿನಗಳಲ್ಲಿ ವಾರಕ್ಕೆ ಎರಡು ಸಲ. 1549ರಲ್ಲಿ ಆಂಗ್ಲಿಕನ್ ಸಭೆಯ ಪ್ರಾರ್ಥನಾ ಪುಸ್ತಕ ಬಂದಾಗ ಹೊಲ, ಅಂಗಡಿ, ಮನೆ ನೋಡಿಕೊಳ್ಳುವ ಸಾಮಾನ್ಯ ಭಕ್ತರಿಗೂ ಆಗಲೆಂದು ತಿಂಗಳಿನ ಲೆಕ್ಕ ಹಾಕಿದರು, ಬೆಳಿಗ್ಗೆ ಒಂದಷ್ಟು, ಸಂಜೆ ಒಂದಷ್ಟು. ವಾರದ ಲೆಕ್ಕ ಮಠದವರಿಗಿರಲಿ, ನಮಗೆ ತಿಂಗಳಿನದು ಸಾಕು.

ಈ ಪ್ರಾರ್ಥನಾ ಪುಸ್ತಕದ ಪಟ್ಟಿ ಕೈಯಲ್ಲಿ ಇಲ್ಲದಿದ್ದರೂ ಚಿಂತೆಯಿಲ್ಲ, ತಾರೀಖು ಗೊತ್ತಿದ್ದರೆ ಆಯಿತು. ತಾರೀಖಿನ ಸಂಖ್ಯೆಯ ಕೀರ್ತನೆ ತೆಗೆಯಿರಿ, ಆಮೇಲೆ ಮೂವತ್ತು ಮೂವತ್ತು ಕೂಡಿಸುತ್ತ ಹೋಗಿ. 1ನೇ ತಾರೀಖು 1, 31, 61, 91, 121. 2ನೇ ತಾರೀಖು 2, 32, 62, 92, 122. 30ನೇ ತಾರೀಖಿಗೆ 30, 60, 90, 120, 150. ದಿನಕ್ಕೆ ಐದು. ಅವಸರವಿಲ್ಲದೆ ಗಟ್ಟಿಯಾಗಿ ಓದಿದರೆ ಹೆಚ್ಚಿನ ದಿನಗಳಲ್ಲಿ ಕಾಲು ಗಂಟೆ, ಹೆಚ್ಚೆಂದರೆ ಇಪ್ಪತ್ತು ನಿಮಿಷ. ಈ ಲೆಕ್ಕದಲ್ಲಿ 29ಕ್ಕೆ 119 ಬಂದು ಕೂರುತ್ತದೆ. ಅದೊಂದೇ 176 ವಚನ, ಎಂಟೆಂಟು ವಚನಗಳ 22 ಖಂಡ. ಆ ದಿನ ಅದನ್ನು ಬಿಟ್ಟು 31ನೇ ತಾರೀಖಿಗೆ ಇಟ್ಟುಕೊಳ್ಳಿ. 31 ಇಲ್ಲದ ತಿಂಗಳಲ್ಲಿ 1ರಿಂದ 22ನೇ ತಾರೀಖಿನವರೆಗೆ ದಿನಕ್ಕೊಂದು ಖಂಡ ಸೇರಿಸಿಕೊಂಡರೆ ಮುಗಿಯಿತು. ಫೆಬ್ರವರಿಯ ಕೊನೆಯಲ್ಲಿ ಉಳಿದುಬಿಡುವ ದಿನಗಳ ಪಾಲನ್ನು ಹಿಂದಿನ ದಿನಗಳಿಗೆ ಹಂಚಿಕೊಳ್ಳಿ.

ದಿನಗಳು ಸಮಪಾಲಲ್ಲ ಎಂಬುದು ಮೊದಲೇ ತಿಳಿದಿರಲಿ. 3ನೇ ತಾರೀಖಿನ ಐದೂ ಸೇರಿ 50 ವಚನ, ಹತ್ತು ನಿಮಿಷವೂ ಬೇಡ. 18ನೇ ತಾರೀಖು ಮಾತ್ರ 18 ಮತ್ತು 78 ಎರಡೂ ಬಂದು, ಐದೂ ಸೇರಿ 157 ವಚನವಾಗುತ್ತದೆ. ಶುರು ಮಾಡಿದ ಎಷ್ಟೋ ಜನ ಕೈಬಿಡುವುದು ಆ ಒಂದು ವಾರದಲ್ಲೇ, ಯಾಕೆಂದರೆ 15ಕ್ಕೆ 105, 16ಕ್ಕೆ 106, 17ಕ್ಕೆ 107 ಎಂದು ಉದ್ದದವು ಒಂದರ ಹಿಂದೆ ಒಂದು ಬರುತ್ತವೆ. ಈ ನಾಲ್ಕು ದಿನ ಬೆಳಿಗ್ಗೆ ಎರಡು, ರಾತ್ರಿ ಮೂರು ಎಂದು ಪಾಲು ಮಾಡಿಕೊಳ್ಳಿ. 42 ಮತ್ತು 43 ನಿಜಕ್ಕೂ ಒಂದೇ ಪ್ರಾರ್ಥನೆ, ನನ್ನ ಮನವೇ ಯಾಕೆ ಕುಗ್ಗಿಹೋಗಿದ್ದೀ ಎಂಬ ಪಲ್ಲವಿ ಎರಡರಲ್ಲೂ ಇದೆ. 12ನೇ ತಾರೀಖಿಗೇ ಎರಡನ್ನೂ ಸೇರಿಸಿ ಓದುವುದು ಒಳ್ಳೆಯದು. 10ನೇ ತಾರೀಖಿಗೆ 40 ಮತ್ತು 70 ಒಟ್ಟಿಗೆ ಬರುತ್ತವೆ. 40ರ ಕೊನೆಯ ಐದು ವಚನಗಳೇ ಹೆಚ್ಚುಕಡಿಮೆ 70 ಆಗಿ ನಿಂತಿವೆ. ತಪ್ಪಿ ಎರಡು ಸಲ ಅಚ್ಚಾಗಿದೆ ಎಂದುಕೊಂಡು ಹಾರಿಸಬೇಡಿ. ಸ್ತೋತ್ರದ ಕೊನೆಯಲ್ಲಿ ಹುಟ್ಟಿದ ಮೊರೆ, ಸ್ತೋತ್ರ ಹೇಳಲು ಪುರುಸೊತ್ತಿಲ್ಲದ ಗಳಿಗೆಯಲ್ಲಿ ತಾನೊಂದೇ ನಿಲ್ಲಬಲ್ಲದು.

ಸಂಖ್ಯೆಯ ವಿಷಯ ಒಂದು ಮಾತು. ಗ್ರೀಕ್ ಮತ್ತು ಲ್ಯಾಟಿನ್ ಪಾಠಗಳು 9 ಮತ್ತು 10ನ್ನು ಒಂದೇ ಎಂದು ಎಣಿಸುವುದರಿಂದ, ಹಳೆಯ ಕಥೋಲಿಕ ಪುಸ್ತಕಗಳಲ್ಲೂ ಆರ್ಥಡಾಕ್ಸ್ ಪುಸ್ತಕಗಳಲ್ಲೂ ನಮ್ಮ 23 ಎಂಬುದು 22, ನಮ್ಮ 51 ಎಂಬುದು 50. ಬೇರೆ ಸಭೆಯವರ ಜೊತೆ ಸೇರಿ ಪ್ರಾರ್ಥಿಸುವಾಗ ಸಂಖ್ಯೆಯ ಜೊತೆಗೆ ಮೊದಲ ಸಾಲನ್ನೂ ಹೇಳಿಬಿಟ್ಟರೆ ಗೊಂದಲವಿಲ್ಲ.

ಓದುವ ಬಗೆ. ಬಾಯಿಬಿಟ್ಟು ಓದಬೇಕು, ಪಿಸುಗುಟ್ಟಿದರೂ ಸರಿ, ತುಟಿ ಅಲ್ಲಾಡಬೇಕು. ಕಣ್ಣಲ್ಲೇ ಓದಿದರೆ ಗೊತ್ತಿರುವ ಸಾಲುಗಳ ಮೇಲೆ ಕಣ್ಣು ಜಾರುತ್ತದೆ. ಹೆಚ್ಚಿನ ವಚನಗಳಿಗೆ ಎರಡು ಪಾದ: ಮೊದಲನೆಯದು ಒಂದು ಮಾತು ಹೇಳುತ್ತದೆ, ಎರಡನೆಯದು ಅದನ್ನೇ ಇನ್ನೊಂದು ಕಡೆಯಿಂದ ಹೇಳುತ್ತದೆ ಅಥವಾ ಒಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತದೆ. ಎರಡರ ನಡುವೆ ಒಂದು ಉಸಿರಿನಷ್ಟು ನಿಲ್ಲಿಸಿ. ಮಠಗಳಲ್ಲಿ ಹಾಡುವವರು ಇವತ್ತಿಗೂ ವಚನದ ಕೊನೆಗಿಂತ ನಡುವೆಯೇ ಹೆಚ್ಚು ಹೊತ್ತು ನಿಲ್ಲುತ್ತಾರೆ. ಇದೊಂದನ್ನು ರೂಢಿಸಿಕೊಂಡರೆ ಓದಿನ ಅವಸರ ತಾನಾಗಿ ಇಳಿಯುತ್ತದೆ. ಮೇಲಿನ ತಲೆಬರಹ ಬಿಡಬೇಡಿ. ದಾವೀದನದು, ಆಸಾಫನದು, ಕೋರಹೀಯರದು, 90ರ ಮೇಲೆ ಮೋಶೆಯದು. 51ರ ತಲೆಬರಹದಲ್ಲಿ ದಾವೀದನು ಬತ್ಷೆಬೆಯೊಂದಿಗೆ ಪಾಪ ಮಾಡಿದ ಪ್ರಸಂಗ ಇಲ್ಲದಿದ್ದರೆ ಆ ಪಶ್ಚಾತ್ತಾಪದ ತೂಕ ಅರ್ಧ ಸಿಕ್ಕುವುದಿಲ್ಲ. ಸೆಲಾ ಎಂದು ಬಂದಲ್ಲಿ ಸುಮ್ಮನೆ ಒಂದೆರಡು ಉಸಿರು ನಿಲ್ಲಿ. ಒಂದೊಂದು ಕೀರ್ತನೆ ಮುಗಿದಾಗ ತಂದೆಗೂ ಮಗನಿಗೂ ಪವಿತ್ರಾತ್ಮನಿಗೂ ಮಹಿಮೆ ಎಂದು ಹೇಳಿ ಮುಂದಿನದಕ್ಕೆ ಹೋಗುವುದು ಸಭೆಯ ಹಳೆಯ ವಾಡಿಕೆ. ಇಬ್ಬರಿದ್ದರೆ ಒಬ್ಬರು ಒಂದು ವಚನ, ಇನ್ನೊಬ್ಬರು ಮುಂದಿನ ವಚನ.

13ನ್ನು ತೆಗೆದು ನೋಡೋಣ, ಆರೇ ವಚನ. ಮೊದಲ ಎರಡು ವಚನಗಳಲ್ಲಿ ಎಷ್ಟರವರೆಗೆ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ: ದೇವರು ಮರೆತಿರುವುದು, ಮುಖ ಮರೆಮಾಡಿರುವುದು, ಒಳಗಿನ ಚಿಂತೆ, ಮೇಲೇರಿ ಬರುವ ವೈರಿ. ಎರಡು ಪ್ರಶ್ನೆ ದೇವರ ಬಗ್ಗೆ, ಒಂದು ತನ್ನ ಬಗ್ಗೆ, ಒಂದು ಹೊರಗಿನವನ ಬಗ್ಗೆ. ನಾಲ್ಕೂ ಕಡೆ ನಿಂತು ನಿಮ್ಮದು ಯಾವುದು ಎಂದು ನೋಡಿಕೊಳ್ಳಿ. 3 ಮತ್ತು 4ರಲ್ಲಿ ಬೇಡಿಕೆ ಇದೆ, ಅದರ ಜೊತೆಗೆ ಕಾರಣವೂ ಇದೆ: ನನ್ನ ಕಣ್ಣಿಗೆ ಬೆಳಕು ಕೊಡು, ಇಲ್ಲವಾದರೆ ಸಾಯುವೆನು, ವೈರಿ ಗೆದ್ದೆನೆಂದು ಹಿಗ್ಗುವನು. ದೇವರ ಮುಂದೆ ವಾದ ಮಾಡಬಹುದು ಎಂದು ಸತ್ಯವೇದವೇ ಕಲಿಸುತ್ತಿದೆ. 5 ಮತ್ತು 6ಕ್ಕೆ ಬರುವಾಗ ಭರವಸೆ, ಹಾಡು. ನಡುವೆ ಪರಿಸ್ಥಿತಿ ಬದಲಾಯಿತೆಂದು ಎಲ್ಲೂ ಹೇಳಿಲ್ಲ. ವೈರಿ ಅಲ್ಲೇ ಇದ್ದಾನೆ. ನಾವು ಸಾಮಾನ್ಯವಾಗಿ ಮಾಡುವುದು 5 ಮತ್ತು 6ನ್ನು ಕತ್ತರಿಸಿ ಕಾರ್ಡು ಮಾಡುವುದು. ಮೊದಲ ನಾಲ್ಕರಲ್ಲಿ ಅಳದವನಿಗೆ ಆ ಹಾಡು ಬರೀ ಶಿಷ್ಟಾಚಾರವಾಗುತ್ತದೆ. ಇಡೀ ಪುಸ್ತಕದಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಇಂಥ ಪ್ರಲಾಪಗಳೇ. ಆರಾಧನೆಯಲ್ಲಿ ನಾವು ಹಾಡುವ ಹಾಡುಗಳಲ್ಲಿ ಪ್ರಲಾಪ ಎಷ್ಟಿದೆ ಎಂದು ಸಭಾಪಾಲಕರೂ ಹಾಡು ಆರಿಸುವವರೂ ಒಮ್ಮೆ ಎಣಿಸಿ ನೋಡಬೇಕು. ಶವಸಂಸ್ಕಾರ ಮುಗಿಸಿ ಬಂದ ಮನೆಯವರು ಮುಂದಿನ ಭಾನುವಾರ ಸಭೆಗೆ ಬಂದಾಗ ಅವರ ಬಾಯಿಗೆ ಸಿಗುವ ಒಂದು ಸಾಲಾದರೂ ಅಲ್ಲಿರಬೇಕು.

ಹಾಗಾದರೆ ಸಂತೋಷದಲ್ಲಿರುವ ದಿನ ಪ್ರಲಾಪ, ದುಃಖದ ದಿನ ಸ್ತೋತ್ರ ಬಂದರೆ? ಬರುತ್ತದೆ, ಬರಲಿ. 28ನೇ ತಾರೀಖಿನ ಐದನ್ನು ನೋಡಿ: 28, 58, 88, 118, 148. ಮೊರೆ, ಶಾಪ, ಗಾಢಾಂಧಕಾರ, ಹಬ್ಬದ ಸ್ತೋತ್ರ, ಕೊನೆಗೆ ಸೂರ್ಯ ಚಂದ್ರ ಹಿಮ ಬಿರುಗಾಳಿಗಳೆಲ್ಲ ಸೇರಿ ದೇವರನ್ನು ಕೊಂಡಾಡುವುದು. ಒಂದೇ ದಿನ ಒಬ್ಬನೇ ಮನುಷ್ಯನಿಗೆ ಇಷ್ಟೂ ಅನ್ನಿಸುವುದಿಲ್ಲ. ಸಭೆಗೆ ಅನ್ನಿಸುತ್ತದೆ. ನಿಮ್ಮ ಮನೆಯಲ್ಲಿ ಮದುವೆಯ ಸಂಭ್ರಮವಿದ್ದ ದಿನ 88 ಬಂದರೆ ಐಸಿಯು ಬಾಗಿಲಲ್ಲಿ ಕೂತಿರುವ ಯಾರದೋ ಪ್ರಾರ್ಥನೆಯನ್ನು ನೀವು ಮಾಡುತ್ತಿದ್ದೀರಿ. ಕ್ರಿಸ್ತನ ದೇಹದಲ್ಲಿ ಒಂದು ಅಂಗಕ್ಕೆ ನೋವಾದರೆ ಎಲ್ಲ ಅಂಗಗಳಿಗೂ ನೋವು ಎಂದು ಪೌಲನು 1 ಕೊರಿಂಥ 12ರಲ್ಲಿ ಬರೆದದ್ದನ್ನು ಬಾಯಲ್ಲಿ ಮಾಡಿ ನೋಡುವ ಅಭ್ಯಾಸ ಇದು. 88 ಕತ್ತಲೆಯಲ್ಲೇ ಮುಗಿಯುತ್ತದೆ, ತಿರುವಿಲ್ಲ, ಹಾಡಿಲ್ಲ. ಆದರೂ ಅದರ ಮೊದಲ ಮಾತು ದೇವರನ್ನು ನನ್ನ ರಕ್ಷಕನೆಂದು ಕರೆಯುತ್ತದೆ, ಮತ್ತೆ ಮತ್ತೆ ಕೂಗುತ್ತದೆ: ಹಗಲೂ ಇರುಳೂ, ದಿನದಿನವೂ, ಬೆಳಗಿನಲ್ಲಿ. ಉತ್ತರ ಬರದ ಪ್ರಾರ್ಥನೆಯೂ ಪ್ರಾರ್ಥನೆಯೇ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಗೊತ್ತಿಲ್ಲ. ಯೇಸು ಸ್ವಾಮಿ ಶಿಲುಬೆಯ ಮೇಲೆ 22ರ ಮೊದಲ ಸಾಲನ್ನೂ 31ರ 5ನೆಯ ವಚನವನ್ನೂ ಪ್ರಾರ್ಥಿಸಿದರು, ಎರಡೂ ಪ್ರಲಾಪದ ಕೀರ್ತನೆಗಳೇ.

ಶಾಪದ ಕೀರ್ತನೆಗಳ ಬಳಿ ಹೆಚ್ಚಿನವರು ಎಡವುತ್ತಾರೆ: 35, 58, 69, 83, 109, 137. ವ್ಯಾಟಿಕನ್ ಎರಡನೆಯ ಮಹಾಸಭೆಯ ನಂತರ ಪರಿಷ್ಕರಿಸಿದ ಕಥೋಲಿಕ ದೈನಂದಿನ ಪ್ರಾರ್ಥನಾ ಪುಸ್ತಕ 58, 83, 109 ಮೂರನ್ನು ಪೂರ್ತಿಯಾಗಿ, ಬೇರೆ ಕೆಲವು ವಚನಗಳನ್ನು ಬಿಡಿಬಿಡಿಯಾಗಿ ಬಿಟ್ಟಿತು. ಅದರ ಹಿಂದಿನ ಕಳಕಳಿ ಅರ್ಥವಾಗುತ್ತದೆ, ಆದರೂ ಗೌರವದಿಂದಲೇ ಹೇಳುತ್ತೇನೆ, ಬಿಡಬಾರದಿತ್ತು. ಈ ಕೀರ್ತನೆಗಳಲ್ಲಿ ಕತ್ತಿ ಹಿಡಿದು ನಾನೇ ತೀರಿಸಿಕೊಳ್ಳುತ್ತೇನೆ ಎನ್ನುವವನು ಕಾಣುವುದಿಲ್ಲ. ತನ್ನ ಕೋಪವನ್ನು ಇದ್ದಂತೆಯೇ ತಂದು ದೇವರ ಕೈಗೆ ಒಪ್ಪಿಸುವವನು ಕಾಣುತ್ತಾನೆ. ಮುಯ್ಯಿ ತೀರಿಸುವುದು ನನ್ನ ಕೆಲಸ ಎಂದು ಕರ್ತನು ಹೇಳಿದ್ದನ್ನು ರೋಮಾ 12ರಲ್ಲಿ ಪೌಲನು ನೆನಪಿಸುವುದು ಇದನ್ನೇ. ದೇವರಿಗೆ ಒಪ್ಪಿಸದ ಸಿಟ್ಟು ಮನೆಯವರ ಮೇಲೋ, ಸಭೆಯ ಕಮಿಟಿಯಲ್ಲೋ ಬೇರೆ ರೂಪದಲ್ಲಿ ಹೊರಬರುತ್ತದೆ. ಹೊಸ ಒಡಂಬಡಿಕೆ 69ನ್ನು ದೂರವಿಟ್ಟಿಲ್ಲ. ಯೋಹಾನನೂ ಪೌಲನೂ ಅಪೊಸ್ತಲರ ಕೃತ್ಯಗಳ ಪುಸ್ತಕವೂ ಅದನ್ನು ಎತ್ತಿ ಹೇಳುತ್ತವೆ.

ಪ್ರಾರ್ಥಿಸುವಾಗ ಒಂದು ಕಟ್ಟುಪಾಡು ಮಾತ್ರ ಇಟ್ಟುಕೊಳ್ಳಿ: ಶಾಪದ ವಚನಕ್ಕೆ ನಿಮಗೆ ಗೊತ್ತಿರುವ ಯಾರ ಹೆಸರನ್ನೂ ಅಂಟಿಸಬೇಡಿ. 137ರ ಕೊನೆಯ ವಚನ, ಬಾಬೆಲಿನ ಎಳೆಮಕ್ಕಳ ಬಗ್ಗೆ ಇರುವುದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಳ್ಳಬೇಕು ಕೂಡ. ಅದು ತಮ್ಮ ಮಕ್ಕಳನ್ನು ಕಳೆದುಕೊಂಡು ಸೆರೆಗೆ ಹೋದವರ ಕೂಗು. ಒರಿಗೆನ್, ಅಗಸ್ಟಿನ್ ಮೊದಲಾದ ಸಭೆಯ ಪಿತೃಗಳು ಆ ಶಿಶುಗಳನ್ನು ನಮ್ಮೊಳಗೆ ಆಗತಾನೇ ಹುಟ್ಟುವ ಕೆಟ್ಟ ಆಶೆಗಳೆಂದೂ, ಬಂಡೆಯನ್ನು ಕ್ರಿಸ್ತನೆಂದೂ ಓದಿದರು; ಬೆಳೆಯುವ ಮೊದಲೇ ಅವನ್ನು ಅವನ ಮೇಲೆ ಅಪ್ಪಳಿಸಿಬಿಡಬೇಕು ಎಂದು. ಹಾಗೆ ಪ್ರಾರ್ಥಿಸಬಹುದು. 19ನೇ ತಾರೀಖಿಗೆ 109 ಮತ್ತು 139 ಒಟ್ಟಿಗೆ ಬರುತ್ತವೆ. 139ರಲ್ಲಿ ಎಲ್ಲರಿಗೂ ಪ್ರೀತಿಯ 18 ವಚನಗಳಾದ ಮೇಲೆ 19ರಿಂದ 22ರವರೆಗೆ ಒಮ್ಮೆಲೇ ದ್ವೇಷದ ಮಾತು. ಆಮೇಲೆ ದೇವರೇ, ನನ್ನನ್ನು ಪರೀಕ್ಷಿಸಿ ನನ್ನ ಹೃದಯವನ್ನು ತಿಳಿದುಕೋ ಎಂಬ ಬೇಡಿಕೆ. ನಡುವಿನ ನಾಲ್ಕನ್ನು ತೆಗೆದುಬಿಟ್ಟರೆ ದೇವರು ಪರೀಕ್ಷಿಸಲು ಏನು ಉಳಿಯಿತು?

ಇನ್ನು, ಇದು ನಿಂತುಹೋಗುವ ಕಾರಣಗಳಲ್ಲಿ ಮೊದಲನೆಯದು ಬಾಕಿ ತೀರಿಸುವ ಹಟ. ಎರಡು ದಿನ ತಪ್ಪಿತು, ಹತ್ತು ಕೀರ್ತನೆ ಬಾಕಿ, ಭಾನುವಾರ ಎಲ್ಲ ಮುಗಿಸುತ್ತೇನೆ ಎಂದು ಕೂತರೆ ಓದು ಓಟವಾಗುತ್ತದೆ, ಮುಂದಿನ ವಾರ ಪುಸ್ತಕವೇ ಕೈಗೆ ಬರುವುದಿಲ್ಲ. ತಪ್ಪಿದ್ದು ತಪ್ಪಿತು, ಮುಂದಿನ ತಿಂಗಳು ಮತ್ತೆ ಬರುತ್ತದೆ, ಇವತ್ತಿನ ತಾರೀಖಿಗೆ ಹೋಗಿ. ಇನ್ನೊಂದು, ಓದುತ್ತಲೇ ವ್ಯಾಖ್ಯಾನ ತೆರೆಯುವುದು. ಅಧ್ಯಯನಕ್ಕೆ ಬೇರೆ ಹೊತ್ತಿಡಿ, ಅರ್ಥವಾಗದ ವಚನದ ಪಕ್ಕ ಪೆನ್ಸಿಲ್ಲಿನ ಒಂದು ಗುರುತು ಹಾಕಿ ಮುಂದೆ ಸಾಗಿ. ಫೋನಿನಲ್ಲಿ ಓದುವವರು ಏರೋಪ್ಲೇನ್ ಮೋಡ್ ಹಾಕಿಕೊಳ್ಳಿ. ಅಚ್ಚಿನ ಪುಸ್ತಕವಿದ್ದರೆ ಇನ್ನೂ ಒಳ್ಳೆಯದು, ಯಾಕೆಂದರೆ ತಿಂಗಳುಗಳು ಕಳೆದ ಹಾಗೆ ಕೀರ್ತನೆ ಪುಟದ ಯಾವ ಮೂಲೆಯಲ್ಲಿದೆ ಎಂಬುದು ಕೈಗೇ ಗೊತ್ತಾಗುತ್ತದೆ, ಬಾಯಿಪಾಠವೂ ಬೇಗ ಆಗುತ್ತದೆ.

ಐದು ಆಗುವುದೇ ಇಲ್ಲ ಎನ್ನುವವರು, ಕೈಗೂಸಿರುವ ತಾಯಂದಿರು, ರಾತ್ರಿ ಪಾಳಿಯವರು, ಹಾಸಿಗೆ ಹಿಡಿದವರು, ದಿನಕ್ಕೊಂದರಂತೆ 1ರಿಂದ 150ರವರೆಗೆ ಹೋಗಲಿ. ಐದು ತಿಂಗಳಲ್ಲಿ ಮುಗಿಯುತ್ತದೆ, 119 ಮಾತ್ರ ಇನ್ನೂ ಕೆಲವು ದಿನ ಬೇಡುತ್ತದೆ. ನಿಧಾನವಾದರೆ ತೊಂದರೆಯಿಲ್ಲ, ಹಾರಿಸುವುದು ಬೇಡ. ಉಳಿದವರು ಮುಂದಿನ ತಿಂಗಳ ಒಂದನೇ ತಾರೀಖಿಗೆ ಕಾಯದೆ ಇವತ್ತಿನ ತಾರೀಖಿಗೆ ಮೂವತ್ತು ಕೂಡಿಸಿ ಶುರು ಮಾಡಿ. ಇವತ್ತು 15ರಿಂದ 18ರ ನಡುವೆ ಏನಾದರೂ ಇದ್ದರೆ ಮೊದಲ ಸಲಕ್ಕೆ ಮೂರೇ ಓದಿ, ಅತಿ ಉದ್ದದ್ದನ್ನು ಮುಂದಿನ ತಿಂಗಳಿಗೆ ಬಿಡಿ.