ಇನ್ನೂರು ಕ್ಲಿಪ್ಪಿಗೆ ಅಚ್ಚು ಯಾಕೆ ಮಾರಾಯ್ರೆ?

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ದೋಟಿ (ಉದ್ದದ ಕೋಲು) ಹಿಡಿದು ನೆಲದಲ್ಲೇ ನಿಂತು ಅಡಿಕೆಗೆ ಮದ್ದು ಬಿಡುವವರು ಈಗ ಜಾಸ್ತಿಯಾಗಿದ್ದಾರೆ. ಪೈಪನ್ನು ದೋಟಿಗೆ ಕಚ್ಚಿಸಲು ಪ್ಲಾಸ್ಟಿಕ್ ಕ್ಲಿಪ್ ಬೇಕು. ಅದನ್ನೇ ಮಾಡಿ ಮಾರೋಣ ಅಂತ ಹೊರಟ ಹುಡುಗರು ಮೊದಲು ಕೇಳುವುದು, "ಅಣ್ಣಾ, ಅಚ್ಚಿಗೆ ಎಷ್ಟಾದೀತು?" ಅಚ್ಚು ಅಂದರೆ ಕರಗಿದ ಪ್ಲಾಸ್ಟಿಕ್ ತುಂಬಿಸಿ ಪೀಸು ತೆಗೆಯುವ ಲೋಹದ ಮೋಲ್ಡು. ಎಷ್ಟು ಕ್ಲಿಪ್ ಖರ್ಚಾದೀತು ಅಂತ ಯಾರೂ ಕೇಳುವುದಿಲ್ಲ.

ಅಚ್ಚಿಗೆ 60,000 ರೂಪಾಯಿ, ಆಮೇಲೆ ಪೀಸಿಗೆ 5 ಅಂತ ಇಟ್ಟುಕೊಳ್ಳಿ. ಅಚ್ಚಿಲ್ಲದೆ ಪದರದ ಮೇಲೆ ಪದರ ಕಟ್ಟಿ ಮಾಡುವ 3ಡಿ ಪ್ರಿಂಟಿಗಾದರೆ ಪೀಸಿಗೆ 50. 200 ಕ್ಲಿಪ್ಪಿಗೆ ಅಚ್ಚಿನಲ್ಲಿ 61,000, ಪ್ರಿಂಟಿನಲ್ಲಿ 10,000. ಅಚ್ಚು ಲಾಭ ಆಗುವುದು 1,333 ಪೀಸು ದಾಟಿದ ಮೇಲೆ. ರೇಟು ಸುಮ್ನೆ ಉದಾಹರಣೆಗೆ ಹಾಕಿದ್ದು. ನಿಮಗೆ ಸಿಕ್ಕ ಕೊಟೇಶನ್ ಇಟ್ಟು ನೋಡಿ. ಅಚ್ಚಿನ ಖರ್ಚನ್ನು ಪೀಸಿನ ಎರಡು ಬೆಲೆಗಳ ವ್ಯತ್ಯಾಸದಿಂದ ಭಾಗಿಸಿದರೆ ಆಯಿತು.

ಇನ್ನೊಂದು ತಕರಾರು ಉಂಟು. ದೋಟಿಯ ಒಂದೊಂದು ತುಂಡೂ ಒಂದೊಂದು ದಪ್ಪ. ಹಾಗಾದರೆ ಅಚ್ಚು ಒಂದು ಸಾಕಾ? ಪ್ರಿಂಟರಿಗಾದರೆ ಫೈಲಿನಲ್ಲಿ ಅಳತೆ ಬದಲಿಸಿದರೆ ಮುಗಿಯಿತು. ಅಚ್ಚಿನಲ್ಲಿ ಲೋಹ ಕೆತ್ತಿ ತೆಗೆಯಬಹುದು, ತೆಗೆದದ್ದನ್ನು ಮತ್ತೆ ಸೇರಿಸುವುದು ದೊಡ್ಡ ರಗಳೆ.

ಪ್ಲಾಸ್ಟಿಕ್ ದಾರ ಕರಗಿಸಿ ಪದರ ಕಟ್ಟುವ ವಿಧಾನದ ಮೂಲ ಪೇಟೆಂಟ್ 2009ರಲ್ಲಿ ಮುಗಿದ ಮೇಲೆ ಪ್ರಿಂಟರುಗಳು ಅಗ್ಗವಾದವು. ಆದರೆ ಅಂಗಡಿಯವರು ಕೊಟ್ಟ ದಾರವನ್ನೇ ಹಾಕಿಸಬೇಡಿ. ಪಿಎಲ್‌ಎ ಅನ್ನುವ ದಾರ 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಇಟ್ಟರೂ ಸೊಟ್ಟಗಾದೀತು. ಪಿಇಟಿಜಿ ದಾರ 80ರ ತನಕ ತಾಳುತ್ತದೆ. ವರ್ಷಗಟ್ಟಲೆ ಬಿಸಿಲಲ್ಲಿರುವುದಾದರೆ ಎಎಸ್‌ಎ ಒಳ್ಳೆಯದು.

ಪ್ರಿಂಟ್ ಮಾಡುವಾಗ ಕ್ಲಿಪ್ಪನ್ನು ಮಲಗಿಸಿ, 'ಸಿ' ಆಕಾರ ಮೇಲಿಂದ ಕಾಣುವ ಹಾಗೆ ಇಡಬೇಕು. ನಿಲ್ಲಿಸಿ ಮಾಡಿದರೆ ಬಾಯಿ ಅಗಲಿಸುವಾಗ ಎಳೆತ ಪದರದ ಸಂದಿಗೇ ಬೀಳುತ್ತದೆ, ಟಪ್ ಅಂತ ಸೀಳುತ್ತದೆ. "ಪ್ರಿಂಟಿನದ್ದು ಬಾಳುವುದಿಲ್ಲ" ಅನ್ನುವವರ ಕ್ಲಿಪ್ಪನ್ನು ತಿರುಗಿಸಿ ನೋಡಿ, ಎಷ್ಟೋ ಸಲ ಗೆರೆ ಅಡ್ಡಡ್ಡ ಇರುತ್ತದೆ!

ಬುಶ್, ವಾಷರಿನಂಥ ದುಂಡು ಸಾಮಾನಿಗೆ ಪ್ರಿಂಟೂ ಬೇಡ. ನೈಲಾನ್ ರಾಡ್ ತಂದು ಲೇತಿಗೆ ಕೊಡಿ. ಸಿಲಿಕೋನ್ ಅಚ್ಚಿನಲ್ಲಿ ಎರಕ ಹೊಯ್ಯುವುದೂ ಒಂದು ದಾರಿಯೇ, ಆದರೆ ಒಂದು ಅಚ್ಚು ಇಪ್ಪತ್ತು-ಇಪ್ಪತ್ತೈದು ಪೀಸಿಗೆ ಸೋಲುತ್ತದೆ. ನಮ್ಮ ಕ್ಲಿಪ್ಪಿಗೆ ಅದು ಹೊಂದುವುದಿಲ್ಲ.

ಮಳೆಗೆ ಮುಂಚೆ ಒಮ್ಮೆ, ಆಮೇಲೆ 40-45 ದಿನಕ್ಕೆ ಮತ್ತೊಮ್ಮೆ ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಬಿಡುತ್ತೇವಲ್ವಾ, ಆ ಎರಡೂ ಸುತ್ತು ಪ್ರಿಂಟ್ ಮಾಡಿದ್ದನ್ನು ತೋಟದವರ ಕೈಗೆ ಕೊಡಿ. ಅಳತೆ ಇನ್ನು ಬದಲಿಸಬೇಕಿಲ್ಲ ಅಂತಾದ ಮೇಲೂ ಸಾವಿರಗಟ್ಟಲೆ ಬೇಡಿಕೆ ಇದ್ದರೆ ಧಾರಾಳವಾಗಿ ಅಚ್ಚು ಮಾಡಿಸಿ. ಗೋಡೆ ಎಲ್ಲ ಕಡೆ ಒಂದೇ ದಪ್ಪ ಇರಲಿ. ಪೀಸು ಸಲೀಸಾಗಿ ಬಿಟ್ಟುಕೊಳ್ಳಲು ಒಂದು ಡಿಗ್ರಿಯಷ್ಟಾದರೂ ಓರೆ ಬೇಕು. ಅಡ್ಡ ಕೊಕ್ಕೆ ಇದ್ದರೆ ಅಚ್ಚಿಗೆ ಸ್ಲೈಡರ್ (ಪಕ್ಕಕ್ಕೆ ಸರಿಯುವ ತುಂಡು) ಬೇಕಾಗುತ್ತದೆ, ರೇಟು ಏರುತ್ತದೆ. ಮಾಲು ಪಾಲಿಪ್ರೊಪಿಲೀನ್ ಆಗಲಿ. ಬಗ್ಗುತ್ತದೆ, ಮೈಲುತುತ್ತು-ಸುಣ್ಣಕ್ಕೆ ಜಗ್ಗುವುದಿಲ್ಲ. ಬಿಸಿಲು ಮಾತ್ರ ಅದಕ್ಕೆ ಆಗದು, ಹಾಗಾಗಿ ಕಪ್ಪು ಮಾಸ್ಟರ್‌ಬ್ಯಾಚ್ (ಬಣ್ಣದ ಹರಳು) ಸೇರಿಸಲು ಮೊದಲೇ ಹೇಳಿಬಿಡಿ.