ಹಿತ್ತಲ ಗಿಡ ತಟ್ಟೆಯಲ್ಲಿ ಮದ್ದು

ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಕಟ್ಟಿದವರು ಲ್ಯಾಬ್ ಕಡೆ ತಲೆ ಹಾಕಿರಲಿಲ್ಲ ಅನ್ನಿಸುತ್ತದೆ. ಅಲ್ಲಿ ಮದ್ದಾಗದ ಗಿಡವೇ ಇಲ್ಲ. ಬೇವು, ಬೆಳ್ಳುಳ್ಳಿ, ಅರಿಶಿನ, ಲೋಳೆಸರ, ಎಲ್ಲವೂ ಸರದಿಯಲ್ಲಿ ಬಂದು ಲೀಶ್ಮೇನಿಯಾ ಎಂಬ ಪರಾವಲಂಬಿಯ ಮೇಲೆ ಕೈ ತೋರಿಸಿ ಹೋಗಿವೆ. ಯುದ್ಧ ನಡೆದದ್ದು ಮಾತ್ರ ರೋಗಿಯ ಚರ್ಮದಲ್ಲಲ್ಲ, ಪ್ಲಾಸ್ಟಿಕ್ ತಟ್ಟೆಯಲ್ಲಿ.

ಇದು ತರುವ ಚರ್ಮದ ರೋಗ ತಮಾಷೆಯದ್ದಲ್ಲ. ಸೊಳ್ಳೆಯ ಮೂರರಲ್ಲೊಂದು ಪಾಲಿನಷ್ಟಿರುವ ಮರಳು ನೊಣ ಕಚ್ಚುತ್ತದೆ. ಕೆಲವು ವಾರ ಏನೂ ಇಲ್ಲ. ಆಮೇಲೆ ಒಂದು ಗುಳ್ಳೆ. ಗುಳ್ಳೆ ಒಡೆದು ಹುಣ್ಣಾಗುತ್ತದೆ, ಅಂಚು ಉಬ್ಬಿ ನಡುವೆ ಕುಳಿ ಬೀಳುತ್ತದೆ. ನೋವು ಅಷ್ಟಾಗಿ ಇರುವುದಿಲ್ಲ, ಆದರೆ ಕಲೆ ಉಳಿಯುತ್ತದೆ. ಕೆನ್ನೆಯ ಮೇಲಾದರೆ ಜೀವನಪೂರ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ವರ್ಷಕ್ಕೆ 6 ಲಕ್ಷದಿಂದ 10 ಲಕ್ಷ ಜನಕ್ಕೆ ಹೊಸದಾಗಿ ಬರುತ್ತದೆ. ಮದ್ದೇನು ಅಂದರೆ ಆಂಟಿಮನಿ ಎಂಬ ಲೋಹದ ಇಂಜೆಕ್ಷನ್. ಬ್ರೆಜಿಲ್‌ನ ಗ್ಯಾಸ್ಪರ್ ವಿಯಾನ್ನಾ 1912ರಲ್ಲಿ ಇದೇ ಲೋಹದ ಒಂದು ಲವಣ ಬಳಸಿ ತೋರಿಸಿದರು. ನೂರು ವರ್ಷ ದಾಟಿದರೂ ನಾವಿನ್ನೂ ಆ ಲೋಹವನ್ನು ಬಿಟ್ಟಿಲ್ಲ. ಪೂರ್ತಿ ಕೋರ್ಸ್ ಅಂದರೆ ದೇಹದ ತೂಕದ ಕಿಲೋಗೆ 20 ಮಿಲಿಗ್ರಾಂ, ದಿನಾ ಚುಚ್ಚಬೇಕು, 20 ದಿನ. ಕೀಲು ನೋಯುತ್ತದೆ, ಹೃದಯದ ಮೇಲೂ ಒಂದು ಕಣ್ಣಿಟ್ಟಿರಬೇಕು. ಹಾಗಾಗಿ ಹೊಸ ಮದ್ದು ಹುಡುಕುವುದು, ಅದಕ್ಕೆ ಗಿಡದ ಹತ್ತಿರ ಹೋಗುವುದು ತಪ್ಪೇ ಅಲ್ಲ. ಹೋದವರು ಅಲ್ಲೇ ಮರದ ನೆರಳಲ್ಲಿ ಕೂತುಬಿಟ್ಟರು ಅನ್ನುವುದಷ್ಟೇ ನನ್ನ ತಕರಾರು.

ವಿಧಾನ ನೋಡಿ. ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಮೆಥನಾಲ್‌ನಲ್ಲಿ ನೆನೆಹಾಕುವುದು. ಸೋಸಿ, ಮೆಥನಾಲ್ ಆರಿಸಿದರೆ ಫ್ಲಾಸ್ಕ್‌ನ ತಳದಲ್ಲಿ ಕಡು ಹಸಿರು ಜಿಗುಟು ಉಳಿಯುತ್ತದೆ. ಕೆರೆದರೆ ಚಮಚ ಬಿಟ್ಟು ಬರುವುದಿಲ್ಲ. ನೀರಿಗೆ ಹಾಕಿದರೆ ಕರಗುವುದಿಲ್ಲ. ಅದನ್ನು ಪುಸಲಾಯಿಸಿ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ, ಪರಾವಲಂಬಿ ಬಿಟ್ಟಿರುವ 96 ಗುಂಡಿಯ ತಟ್ಟೆಗೆ ಹನಿ ಹನಿಯಾಗಿ ಬಿಡುತ್ತಾರೆ. ಕೊನೆಗೆ ಎಂಟಿಟಿ ಎಂಬ ಹಳದಿ ಬಣ್ಣ. ಜೀವ ಇದ್ದ ಕಡೆ ಅದು ನೇರಳೆಯಾಗುತ್ತದೆ. ನೇರಳೆ ಬಂದರೆ ಪರಾವಲಂಬಿ ಗೆದ್ದಿತು. ಬಾರದಿದ್ದರೆ ಸಂಶೋಧನಾ ಪೇಪರ್ ಗೆದ್ದಿತು.

ಈಗ ಸ್ವಲ್ಪ ಹತ್ತಿರ ಬನ್ನಿ. ಆ ಗುಂಡಿಯಲ್ಲಿ ಸತ್ತದ್ದು ಯಾರು? ಲೀಶ್ಮೇನಿಯಾಗೆ ಎರಡು ವೇಷ. ನೊಣದ ಹೊಟ್ಟೆಯಲ್ಲಿ ಅದು ಉದ್ದಕ್ಕೆ, ಬಾಲ ಬೀಸುತ್ತಾ ಈಜುತ್ತದೆ. ಹೆಸರು ಪ್ರೊಮಾಸ್ಟಿಗೋಟ್. ಮನುಷ್ಯನೊಳಗೆ ಬಂದ ಮೇಲೆ ಬಾಲ ಮಡಚಿ, ಗುಂಡಗಾಗಿ, ಮ್ಯಾಕ್ರೋಫೇಜ್ ಎಂಬ ಜೀವಕೋಶದೊಳಗೆ ಸೇರಿಕೊಳ್ಳುತ್ತದೆ. ಈಗ ಅದು ಅಮಾಸ್ಟಿಗೋಟ್. ಮ್ಯಾಕ್ರೋಫೇಜ್ ಅಂದರೆ ರೋಗಾಣುಗಳನ್ನು ನುಂಗಿ ಅರಗಿಸಬೇಕಾದ ಕಾವಲುಗಾರ. ಕಳ್ಳ ಹೋಗಿ ಪೊಲೀಸ್ ಠಾಣೆಯಲ್ಲೇ ಬಾಡಿಗೆಗೆ ಕೂತ ಹಾಗೆ. ಹುಣ್ಣು ಮಾಡುವುದು ಇವನು. ಆದರೆ ಇವನನ್ನು ಲ್ಯಾಬ್‌ನಲ್ಲಿ ಸಾಕುವುದು ತಾಪತ್ರಯ. ಈಜುವವನನ್ನು ಸಾಕುವುದು ಸುಲಭ, ಸುಮಾರು 26 ಡಿಗ್ರಿ ಬೆಚ್ಚಗಿಟ್ಟು ಊಟ ಹಾಕಿದರೆ ಸಾಕು. ಅದಕ್ಕೇ ಎಷ್ಟೋ ಪ್ರಯೋಗಗಳಲ್ಲಿ ಸಾಯುವುದು ಈ ಪಾಪದವನೇ. ಅಂದರೆ ಮದ್ದು ಸಿಕ್ಕಿದೆ, ರೋಗಿ ನೊಣವಾಗಿದ್ದರೆ!

ತಟ್ಟೆಯಲ್ಲಿ ಕೊಲ್ಲುವುದು ದೊಡ್ಡ ಸಾಹಸವೂ ಅಲ್ಲ. ಬ್ಲೀಚ್ ಹಾಕಿದರೂ ಸಾಯುತ್ತದೆ. ಕುದಿಯುವ ನೀರು ಹಾಕಿದರೂ ಸಾಯುತ್ತದೆ. ಕುದಿಯುವ ನೀರಿನ ಬಗ್ಗೆ ಯಾರೂ ಪೇಪರ್ ಬರೆದಂತಿಲ್ಲ, ಪಾಪ, ಅದಕ್ಕೆ ಲ್ಯಾಟಿನ್ ಹೆಸರಿಲ್ಲ ನೋಡಿ. ಕೇಳಬೇಕಾದ್ದು ಒಂದೇ: ಕಳ್ಳ ಸಾಯುವಷ್ಟು ಹಾಕಿದಾಗ ಠಾಣೆ ಉಳಿಯುತ್ತದಾ? ಉತ್ತರ ಕೆಲವೊಮ್ಮೆ ಪೇಪರ್‌ನ ಮೂರನೇ ಟೇಬಲ್‌ನ ಕೆಳಗೆ ಸಣ್ಣ ಅಕ್ಷರದಲ್ಲಿ ಕೂತಿರುತ್ತದೆ. ತಲೆಬರಹಕ್ಕೆ ಬರುವುದಿಲ್ಲ.

ಇನ್ನು ಧೈರ್ಯ ಮಾಡಿ ಮನುಷ್ಯರ ಹುಣ್ಣಿಗೇ ಹಚ್ಚಿದವರದ್ದು ಬೇರೆ ಕಥೆ. ಈ ಹುಣ್ಣಿಗೊಂದು ಗುಣವಿದೆ. ಲೀಶ್ಮೇನಿಯಾ ಮೇಜರ್ ಎಂಬ ಜಾತಿಯಿಂದ ಬಂದದ್ದಾದರೆ, ಎಷ್ಟೋ ಸಲ ಕೆಲವು ತಿಂಗಳಲ್ಲಿ ತಾನಾಗೇ ಮಾಯುತ್ತದೆ. ಸೊಪ್ಪು ಅರೆದು ಹಚ್ಚಿ, ಹೋಲಿಸಿ ನೋಡಲು ಸುಮ್ನೆ ಬಿಟ್ಟ ಇನ್ನೊಂದು ಗುಂಪು ಇಲ್ಲದೇ, ತಿಂಗಳುಗಟ್ಟಲೆ ಕಾದರೆ ಏನಾಗುತ್ತದೆ? ಕಾಗೆ ಕೂತಿತು, ಕೊಂಬೆ ಮುರಿಯಿತು. ಕಾಗೆಗೆ ಪೇಟೆಂಟ್!

ಇಷ್ಟೆಲ್ಲಾ ಹೇಳಿದರೆ ತಕ್ಷಣ ತು ಯುಯು ಹೆಸರು ಬರುತ್ತದೆ. ಗಿಡದಿಂದ ಮಲೇರಿಯಾಗೆ ಮದ್ದು ತೆಗೆದು 2015ರಲ್ಲಿ ನೊಬೆಲ್ ಪಡೆದವರು. ನಿಜ. ಆದರೆ ಆಕೆ ತಟ್ಟೆಯ ಮುಂದೆ ಕೂತು ಚಪ್ಪಾಳೆ ತಟ್ಟಲಿಲ್ಲ. ಬಿಸಿಗೆ ಸತ್ವ ಹಾಳಾಗುತ್ತದೆ ಅಂತ ಕಡಿಮೆ ಶಾಖದಲ್ಲಿ ಈಥರ್‌ನಿಂದ ತೆಗೆದರು. ಇಲಿಗೆ, ಕೋತಿಗೆ ಕೊಟ್ಟು ನೋಡಿದರು. 1972ರಲ್ಲಿ ಮೊದಲು ತಾವೇ ತಗೊಂಡರು. ಆಮೇಲೆ ಅದೇ ವರ್ಷ ಆರ್ಟೆಮಿಸಿನಿನ್ ಅನ್ನುವ ಶುದ್ಧ ಹರಳನ್ನೂ ಬೇರ್ಪಡಿಸಿದರು. ನಮ್ಮ ಪೇಪರ್‌ಗಳು ಇದೆಲ್ಲವನ್ನೂ ಮುನ್ನುಡಿಯ ಒಂದು ಸಾಲಿಗೆ ಇಳಿಸಿ ನೊಬೆಲ್ ಮಾತ್ರ ಇಟ್ಟುಕೊಳ್ಳುತ್ತವೆ. ಜಿಗುಟಿನೊಳಗೆ ಕೆಲಸ ಮಾಡಿದ ವಸ್ತು ಯಾವುದು ಅಂತ ಕೇಳಿದರೆ ಫಿನಾಲು, ಫ್ಲೇವನಾಯ್ಡು, ಟ್ಯಾನಿನ್ನು ಅಂತ ಗಿಡದೊಳಗಿನ ರಾಸಾಯನಿಕಗಳ ಹಾಜರಿ ಕೂಗುತ್ತವೆ. ಯಾವುದು ಎದ್ದು ನಿಂತಿತು ಅಂತ ಹೇಳುವುದಿಲ್ಲ.

ಕೊನೆಯ ಸಾಲು ನಿಮಗೂ ಬಾಯಿಪಾಠ ಇರಬೇಕು: ಈ ಕುರಿತು ಹೆಚ್ಚಿನ ಸಂಶೋಧನೆ ಅಗತ್ಯ. ಯಾರು ಮಾಡಬೇಕು ಅಂತ ಅದರಲ್ಲಿ ಇರುವುದಿಲ್ಲ. ಬರೆದವರಂತೂ ಅಲ್ಲ, ಅವರಿಗೆ ಕೈತುಂಬಾ ಕೆಲಸ. ಎಲೆಯದ್ದು ಮುಗಿಯಿತಲ್ವಾ, ಈಗ ಅದೇ ಗಿಡದ ಕಾಂಡ. ಆಮೇಲೆ ತೊಗಟೆ, ಬೇರು, ಬೀಜ. ಒಂದೊಂದಕ್ಕೂ ಒಂದೊಂದು ಪೇಪರ್. ಸದ್ಯಕ್ಕೆ ಎಲ್ಲರೂ ಗಿಡ ಹೂ ಬಿಡಲಿ ಅಂತ ಕಾಯುತ್ತಿದ್ದಾರೆ.